ರಾಮಾಚಾರಿಗೆ ಹರೆಯ ಇತ್ತು, ಬೆಳ್ಳಿಗೆ?

ಕನ್ನಡ ಸಿನಿಮಾದ ಹದಿಹರೆಯದವರು ಅಂದ ಕೂಡಲೇ ನಿಮಗೆ ಯಾರು ನೆನಪಾಗ್ತಾರೆ? ರಾಮಾಚಾರಿ ತಾನೆ? ನನಗೂ ಅಷ್ಟೇ. ಚಿತ್ರದುರ್ಗದ ಕೋಟೆ, ಬಂಡೆಗಳ ಮೇಲೆ ಕೆದರಿದ ಕೂದಲಿನ ಹುಡುಗ, ಮೂಗಿನ ತುದಿಯಲ್ಲೇ ಕೋಪ. ನಮ್ಮ ದಾವಣಗೆರೆಯಿಂದ ಚಿತ್ರದುರ್ಗ ಅರವತ್ತು ಕಿಲೋಮೀಟರು ಅಷ್ಟೇ. ಹಾಗಾಗಿ ರಾಮಾಚಾರಿ ಅಂದ್ರೆ ಪಕ್ಕದ ಊರಿನ ಹುಡುಗ ಅನ್ನೋ ಸಲಿಗೆ ನಮ್ಮ ಕಡೆಯವರಿಗೆ ಸ್ವಲ್ಪ ಜಾಸ್ತಿನೇ.

ಈಚೆಗೆ ಹಳೆಯ ಕನ್ನಡ ಸಿನಿಮಾಗಳನ್ನ ಒಂದೊಂದಾಗಿ ಮತ್ತೆ ನೋಡ್ತಾ ಇದ್ದೀನಿ. ಈ ಸಲ ಹಾಡು, ಫೈಟು ಬಿಟ್ಟು ಒಂದೇ ಪ್ರಶ್ನೆ ಇಟ್ಕೊಂಡು ನೋಡಿದೆ. ಹದಿನಾಲ್ಕರಿಂದ ಹತ್ತೊಂಬತ್ತರ ನಡುವಿನ ಆ ವಯಸ್ಸನ್ನ ನಮ್ಮ ಸಿನಿಮಾ ಯಾರಿಗೆ ಕೊಟ್ಟಿತು, ಯಾರಿಗೆ ಕೊಡಲಿಲ್ಲ? ವಯಸ್ಸು ಎಲ್ಲರಿಗೂ ಬರುತ್ತೆ ಬಿಡಿ. ಆದರೆ ಹರೆಯ ಅಂದರೆ ಬರೀ ವಯಸ್ಸಲ್ಲ. ಸುಮ್ಮನೆ ಅಲೆಯೋಕೆ, ಕೋಪ ಮಾಡ್ಕೊಳ್ಳೋಕೆ, ಪ್ರೀತಿ ಮಾಡೋಕೆ, ತಪ್ಪು ಮಾಡಿಯೂ ಕ್ಷಮೆ ಸಿಗೋಕೆ ಇರುವ ಒಂದು ಬಿಡುವು ಅದು. ಆ ಬಿಡುವು ನಮ್ಮಲ್ಲಿ ಜಾತಿ ನೋಡಿ, ದುಡ್ಡು ನೋಡಿ, ಗಂಡೋ ಹೆಣ್ಣೋ ನೋಡಿ ಬಂದಿದೆ. ನಮ್ಮ ಸಿನಿಮಾಗಳಲ್ಲಿ ಅದು ಸ್ಪಷ್ಟವಾಗಿ ಕಾಣುತ್ತೆ, ಎಷ್ಟೋ ಸಲ ಸಿನಿಮಾ ಮಾಡಿದವರಿಗೇ ಗೊತ್ತಿಲ್ಲದ ಹಾಗೆ.

ನಾನಿರೋದು ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ. ದಿನಾ ಬರೆಯೋ ವಿಳಾಸ ಆದ್ದರಿಂದ ಆ ಹೆಸರಿನ ಕಡೆ ಗಮನವೇ ಹೋಗಿರಲಿಲ್ಲ. ಈ ಸಲ ಇಸವಿಗಳನ್ನ ಜೋಡಿಸ್ತಾ ಕೂತಾಗ ಹೊಳೆಯಿತು. ಅರಸು ಮುಖ್ಯಮಂತ್ರಿಯಾದದ್ದು 1972ರ ಮಾರ್ಚಿನಲ್ಲಿ. ಪುಟ್ಟಣ್ಣ ಕಣಗಾಲರ 'ನಾಗರಹಾವು' ತೆರೆಗೆ ಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಅದೇ ವರ್ಷ ಹಿಂದುಳಿದ ವರ್ಗಗಳ ಬಗ್ಗೆ ಎಲ್.ಜಿ. ಹಾವನೂರರ ಆಯೋಗ ನೇಮಕವಾಯಿತು, 1975ರಲ್ಲಿ ವರದಿ ಕೊಟ್ಟಿತು. ನಡುವೆ 1974ರಲ್ಲಿ ಭೂಸುಧಾರಣೆ ತಿದ್ದುಪಡಿ, ಉಳುವವನೇ ಹೊಲದೊಡೆಯ. ಇದೆಲ್ಲದರ ಪರಿಣಾಮವಾಗಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಓದುವ, ಅಪ್ಪ ಅವ್ವ ಶಾಲೆಯ ಮೆಟ್ಟಿಲನ್ನೇ ಹತ್ತಿರದ ಮನೆಗಳ ಹುಡುಗರು ಕಾಲೇಜಿಗೆ ಬರೋಕೆ ಶುರು ಮಾಡಿದರು. ಅಂದರೆ ಕನ್ನಡ ತೆರೆಗೆ ಅತ್ಯಂತ ಪ್ರಸಿದ್ಧ ಕಾಲೇಜು ಹುಡುಗ ಬಂದ ಹೊತ್ತಿನಲ್ಲೇ ನಿಜವಾದ ಕಾಲೇಜುಗಳಿಗೆ ಬೇರೆಯೇ ಹುಡುಗರು ಬರ್ತಾ ಇದ್ದರು. ಇವರು ತೆರೆಯ ಮೇಲೆ ಬರೋಕೆ ಎಷ್ಟು ಕಾಲ ಹಿಡಿಯಿತು ಅನ್ನೋದೇ ಈ ಬರಹದ ಕಥೆ.

ಮೊದಲು ರಾಮಾಚಾರಿ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನ ('ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ') ಸೇರಿಸಿ ಮಾಡಿದ ಸಿನಿಮಾ ಅದು. ವಿಷ್ಣುವರ್ಧನ್‌ಗೆ ಆಗ 22 ವರ್ಷ. ನಮ್ಮ ಸಿನಿಮಾದ ಕಾಲೇಜು ಹುಡುಗರ ಲೆಕ್ಕದಲ್ಲಿ 22 ಅಂದ್ರೆ ಬಾಲಕನೇ :-) ಕಾಪಿ ಹೊಡೆದು ಸಿಕ್ಕಿಬಿದ್ದ ರಾಮಾಚಾರಿಯನ್ನ ಪ್ರಿನ್ಸಿಪಾಲರು ಕಾಲೇಜಿನಿಂದ ಹೊರಗೆ ಹಾಕ್ತಾರೆ. ರಾತ್ರಿ ಇವನು ಹೋಗಿ ಅವರನ್ನ ಕಂಬಕ್ಕೆ ಕಟ್ಟಿ ಮಾನ ಕಳೀತಾನೆ. ಥಿಯೇಟರಿನಲ್ಲಿ ಶಿಳ್ಳೆ. ಯಾಕೆ ಶಿಳ್ಳೆ? ಅವನದು ರೋಷ, ಹುಡುಗು ಬುದ್ಧಿ, ಒಳಗೆ ಚಿನ್ನದಂಥ ಮನಸ್ಸು ಅಂತ ಸಿನಿಮಾ ಮೊದಲೇ ನಮ್ಮನ್ನ ಒಪ್ಪಿಸಿಬಿಟ್ಟಿದೆ. ಅವನ ಕೋಪವನ್ನ ಸಮಾಧಾನ ಮಾಡೋಕೆ ಮೇಷ್ಟ್ರಿದ್ದಾರೆ, ಮೇಷ್ಟ್ರ ಹೆಂಡತಿ ಇದ್ದಾರೆ.

ಈಗ ಜಲೀಲನನ್ನ ನೋಡಿ. ಅಂಬರೀಷ್ ಅವರ ಮೊದಲ ಪಾತ್ರ. ಅದೇ ಊರು, ಹೆಚ್ಚುಕಡಿಮೆ ಅದೇ ವಯಸ್ಸು. ಅವನೂ ಬೀದಿಯಲ್ಲಿ ನಿಲ್ಲುವವನೇ, ಅವನಿಗೂ ಜಗಳ ಬೇಕು. ಆದರೆ ಅವನು ಪೋಕರಿ. ಅವನಿಗೊಂದು ಮನೆ ಇದೆಯಾ, ಅಪ್ಪ ಏನು ಮಾಡ್ತಾನೆ, ಶಾಲೆಗೆ ಹೋಗಿದ್ದನಾ... ಸಿನಿಮಾ ಕೇಳೋದೇ ಇಲ್ಲ. ಅವನ ಪ್ರಸಿದ್ಧ ಡೈಲಾಗು ನಿಮಗೆಲ್ಲ ಬಾಯಿಪಾಠ ಇದೆ, ಅದನ್ನೊಮ್ಮೆ ಮನಸ್ಸಿನಲ್ಲೇ ಹೇಳ್ಕೊಳ್ಳಿ. ಹಳ್ಳಿ ಕನ್ನಡ. ರಾಮಾಚಾರಿಯದು ಪುಸ್ತಕದ ಅಂಚಿನ ಮೈಸೂರು ಕನ್ನಡ. ದುರ್ಗದಲ್ಲಿ ಹುಟ್ಟಿ ಬೆಳೆದವನಿಗೆ ಆ ಕನ್ನಡ ಎಲ್ಲಿಂದ ಬಂತು ಅಂತ ನಮ್ಮ ಕಡೆಯವರು ಯಾರೂ ಕೇಳಲಿಲ್ಲ. ಹೀರೋ ಹಾಗೇ ಮಾತಾಡ್ತಾನೆ, ಪೋಕರಿ ಹೀಗೇ ಮಾತಾಡ್ತಾನೆ ಅನ್ನೋದು ನಮಗೆ ಅಷ್ಟು ರೂಢಿಯಾಗಿತ್ತು.

ಅಲಮೇಲು ಕಥೆ ಇನ್ನೂ ಕಷ್ಟದ್ದು. ರಾಮಾಚಾರಿ ಪ್ರೀತಿಸ್ತಾನೆ, ಅವಳೂ ಪ್ರೀತಿಸ್ತಾಳೆ, ಜಾತಿ ಬೇರೆ. ಚಾಮಯ್ಯ ಮೇಷ್ಟ್ರು ರಾಮಾಚಾರಿಯ ಕೈಲಿ ತ್ಯಾಗ ಮಾಡಿಸ್ತಾರೆ. ಆ ದೃಶ್ಯದಲ್ಲಿ ಕೆ.ಎಸ್. ಅಶ್ವತ್ಥ್ ಅವರ ಮುಖ ನೋಡಿ ನಾನು ಇವತ್ತಿಗೂ ಅಳ್ತೀನಿ, ಅದು ಬೇರೆ ಮಾತು. ಆದರೆ ಅಲಮೇಲುವನ್ನ ಯಾರು ಕೇಳಿದರು? ಮೇಷ್ಟ್ರು ಕೇಳಿದ್ದು ಹುಡುಗನನ್ನ, ಬಿಟ್ಟುಕೊಟ್ಟವನು ಹುಡುಗ, ಮದುವೆ ಮಾಡಿದ್ದು ಅಪ್ಪ ಅಮ್ಮ. ಮುಂದೆ ರಾಮಾಚಾರಿಗೆ ಅವಳು ಮತ್ತೆ ಸಿಗೋದು ವೇಶ್ಯಾವಾಟಿಕೆಗೆ ಬಿದ್ದವಳಾಗಿ. ಅಲ್ಲೂ ಸಿನಿಮಾದ ಸಂಕಟ ಅವನದೇ. ಅವಳ ಬದುಕು ಹಾಳಾದದ್ದು ಅವನ ಕೋಪಕ್ಕೊಂದು ಕಾರಣ ಆಗುತ್ತೆ ಅಷ್ಟೇ.

ಚಾಮಯ್ಯ ಮೇಷ್ಟ್ರ ಮಾತು ಬಂದಾಗ ಒಂದು ಇಂಗ್ಲಿಷ್ ಸಿನಿಮಾ ಹೇಳಬೇಕು. 1967ರ 'ಟು ಸರ್, ವಿತ್ ಲವ್'. ಲಂಡನ್ನಿನ ಈಸ್ಟ್ ಎಂಡ್‌ನ ಬಡವರ ಮಕ್ಕಳ ಶಾಲೆ, ಅಲ್ಲಿಗೆ ಬ್ರಿಟಿಷ್ ಗಯಾನಾದಿಂದ ಬಂದ ಕಪ್ಪು ಮೇಷ್ಟ್ರು (ಸಿಡ್ನಿ ಪಾಯ್ಟಿಯೇ). ಎಂಜಿನಿಯರ್ ಕೆಲಸ ಸಿಗದೆ ಮೇಷ್ಟ್ರಾದವನು. ಮಕ್ಕಳಿಗೆ ಅವನು ಕಲಿಸೋದು ಕೂಡ ಒಂಥರಾ ಮೇಲ್ವರ್ಗದ ನಡತೆಯನ್ನೇ, ಅದರ ಬಗ್ಗೆ ನನಗೆ ತಕರಾರಿದೆ. ಆದರೆ ಅಲ್ಲಿ ಮೇಷ್ಟ್ರೂ ಹೊರಗಿನವನು, ಮಕ್ಕಳೂ ಹೊರಗಿನವರು. ಇಬ್ಬರೂ ಒಂದೇ ಗೋಡೆಯ ಈಚೆ ನಿಂತಿದ್ದಾರೆ. ನಮ್ಮ ಚಾಮಯ್ಯ ಮೇಷ್ಟ್ರು ಹುಡುಗನನ್ನ ಮಗನ ಹಾಗೆ ಪ್ರೀತಿಸ್ತಾರೆ, ನಿಜ. ಹಾಗಿದ್ದೂ ಜಾತಿಯ ಆಜ್ಞೆಯನ್ನ ಹೊತ್ತು ತರುವವರು ಅವರೇ. ಪ್ರೀತಿಯ ಮೂಲಕ ಬಂದ ಆಜ್ಞೆ ಆದ್ದರಿಂದ ಅದಕ್ಕೆ ಎದುರಾಡೋಕೆ ಆಗಲ್ಲ. ಪುಟ್ಟಣ್ಣನಿಗೆ ಇದು ಗೊತ್ತಿತ್ತು ಅನ್ನಿಸುತ್ತೆ, ಇಲ್ಲದಿದ್ದರೆ ಕೊನೆಗೆ ರಾಮಾಚಾರಿಯ ಕೈಲೇ ಮೇಷ್ಟ್ರನ್ನ ಬಂಡೆಯಿಂದ ಕೆಳಗೆ ಬೀಳಿಸ್ತಾ ಇರಲಿಲ್ಲ.

ಇನ್ನೊಂದು ನೆನಪು. ಟೀವಿಯಲ್ಲಿ ನಾಗರಹಾವು ಬರ್ತಾ ಇದ್ದಾಗ ಅವ್ವನನ್ನ ಕೇಳಿದ್ದೆ, ನಿನ್ನ ಹರೆಯದಲ್ಲಿ ಬಂದ ಸಿನಿಮಾ ಅಲ್ವಾ ಇದು ಅಂತ. "ನಮಗೆಲ್ಲಿತ್ತಪ್ಪಾ ಹರೆಯ? ಮೈನೆರೆದ ಮುಂದಿನ ವರ್ಷ ಮದ್ವಿ, ಅದರ ಮುಂದಿನ ವರ್ಷ ನಿಮ್ಮಕ್ಕ" ಅಂದಳು, ಕಾಳು ಬಿಡಿಸ್ತಾ. ಸಿಟ್ಟೂ ಇಲ್ಲ, ಬೇಜಾರೂ ಇಲ್ಲ. ಹುಡುಗಿಯರ ಮದುವೆಗೆ ಕಾನೂನಿನಲ್ಲಿ 18 ವರ್ಷ ಅಂತ ಆದದ್ದೇ 1978ರಲ್ಲಿ. ಅದಕ್ಕೆ ಮುಂಚೆ 15 ಇತ್ತು. ಕಾನೂನು ಬಂದ ಮೇಲೂ ಹಳ್ಳಿಗಳಲ್ಲಿ ಏನಾಗ್ತಿತ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಆ ಕಾಲದ ಸಿನಿಮಾಗಳಲ್ಲಿ ಹುಡುಗಿಯ ಹರೆಯವನ್ನ ನೇರವಾಗಿ ನೋಡಿದವು ಇಲ್ಲ ಅಂತಲ್ಲ. ಅದೇ ಪುಟ್ಟಣ್ಣ 1969ರಲ್ಲಿ ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ 'ಗೆಜ್ಜೆಪೂಜೆ' ಮಾಡಿದ್ದರು. ವೇಶ್ಯೆಯರ ಮನೆಯಲ್ಲಿ ಹುಟ್ಟಿದ ಚಂದ್ರಾಗೆ (ಕಲ್ಪನಾ) ಓದಬೇಕು, ಮದುವೆಯಾಗಬೇಕು, ಎಲ್ಲರ ಹಾಗೆ ಇರಬೇಕು. ಮನೆಯವರಿಗೆ ಬೇಕಾಗಿರೋದು ಅವಳ ಗೆಜ್ಜೆಪೂಜೆ. ಕೊನೆಗೆ ಸಾವು. ನಮ್ಮ ಕಡೆಯವರಿಗೆ ಇದು ದೂರದ ಕಥೆ ಅಲ್ಲ. ಇಲ್ಲೇ ಪಕ್ಕದ ಉಚ್ಚಂಗಿದುರ್ಗದ ಹೆಸರು ಮುತ್ತು ಕಟ್ಟುವ ಪದ್ಧತಿಯ ಜೊತೆ ಎಷ್ಟು ವರ್ಷ ಪೇಪರಿನಲ್ಲಿ ಬಂದಿಲ್ಲ? (ಹರಪನಹಳ್ಳಿ ತಾಲೂಕು 2018ರವರೆಗೂ ದಾವಣಗೆರೆ ಜಿಲ್ಲೆಯಲ್ಲೇ ಇತ್ತು, ಈಗ ವಿಜಯನಗರ ಜಿಲ್ಲೆ.) ದೇವದಾಸಿಯಾಗಿ ಬಿಡೋದನ್ನ ನಿಷೇಧಿಸುವ ಕರ್ನಾಟಕದ ಕಾನೂನು ಬಂದದ್ದು 1982ರಲ್ಲಿ, ಅಂದರೆ ಸಿನಿಮಾ ಬಂದು ಹದಿಮೂರು ವರ್ಷ ಆದ ಮೇಲೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ಇಲ್ಲಿ ಮುತ್ತು ಕಟ್ಟಿಸಿಕೊಂಡವರಲ್ಲಿ ಹೆಚ್ಚಿನವರು ದಲಿತರ ಮನೆಯ ಹುಡುಗಿಯರು. ತೆರೆಯ ಮೇಲಿನ ಚಂದ್ರಾಳ ಮಾತು, ಉಡುಗೆ, ಮನೆ ಎಲ್ಲವೂ ಮಧ್ಯಮ ವರ್ಗದ್ದು. ನಾವು ಕಣ್ಣೀರು ಹಾಕೋಕೆ ಅವಳು ನಮ್ಮ ಹಾಗೇ ಕಾಣಬೇಕಿತ್ತು.

'ಘಟಶ್ರಾದ್ಧ' (1977) ನನ್ನನ್ನ ಬಹಳ ಕಾಡಿದ ಸಿನಿಮಾ. ಅನಂತಮೂರ್ತಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ ಮೊದಲ ಸಿನಿಮಾ, ಸ್ವರ್ಣಕಮಲ ಬಂದದ್ದು. 2024ರಲ್ಲಿ ಅದರ ರಿಪೇರಿ ಮಾಡಿದ ಪ್ರತಿಯನ್ನ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ವಿಧವೆ ಯಮುನಕ್ಕ ಬಸುರಾಗ್ತಾಳೆ, ಅಪ್ಪನೇ ಬದುಕಿರುವ ಮಗಳ ಶ್ರಾದ್ಧ ಮಾಡ್ತಾನೆ. ಎಲ್ಲವನ್ನೂ ನಾವು ನೋಡೋದು ವೇದಪಾಠಕ್ಕೆ ಬಂದ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದ. ಅವನಿಗೆ ಅರ್ಥವಾಗೋದು ಅರ್ಧ, ಅದಕ್ಕೇ ಆ ಸಿನಿಮಾ ಅಷ್ಟು ಭಯ ಹುಟ್ಟಿಸುತ್ತೆ. ಆದರೂ ನನಗೆ ಅನ್ನಿಸೋದು, ಯಮುನಾಳಿಗೆ ತನ್ನ ಕಥೆಯನ್ನ ತಾನೇ ಹೇಳೋ ಅವಕಾಶ ಎಲ್ಲಿ? ಇಂಗ್ಲೆಂಡಿನಲ್ಲಿ ಇದಕ್ಕೆ ಹದಿನಾರು ವರ್ಷ ಮುಂಚೆ, 1961ರಲ್ಲಿ, 'ಎ ಟೇಸ್ಟ್ ಆಫ್ ಹನಿ' ಬಂದಿತ್ತು. ಸಾಲ್ಫರ್ಡ್‌ನ ಬಡ ಹುಡುಗಿ ಜೋ, ಇನ್ನೂ ಶಾಲೆ ಬಿಡುವ ವಯಸ್ಸು, ಮದುವೆ ಇಲ್ಲದೆ ಬಸುರಿ. ಅದರ ಮೂಲ ನಾಟಕ ಬರೆದ ಶೀಲಾ ಡಿಲೇನಿ ಸಾಲ್ಫರ್ಡಿನವಳೇ, ನಾಟಕ ರಂಗಕ್ಕೆ ಬಂದಾಗ ಅವಳಿಗೆ 19 ವರ್ಷ. ಜೋ ಒರಟಾಗಿ ಮಾತಾಡ್ತಾಳೆ, ನಗ್ತಾಳೆ, ಅಮ್ಮನ ಜೊತೆ ಜಗಳ ಆಡ್ತಾಳೆ. ಬಸುರಿಯಾದ ಮೇಲೂ ಅವಳು ಹುಡುಗಿಯೇ. ನಮ್ಮಲ್ಲಿ ಹತ್ತೊಂಬತ್ತು ವರ್ಷದ ಹುಡುಗಿ ಬರೆದದ್ದು ಸಿನಿಮಾ ಆದದ್ದನ್ನ ನಾನಂತೂ ನೋಡಿಲ್ಲ.

ಇನ್ನು ಬೆಳ್ಳಿ. ಶಿವರಾಮ ಕಾರಂತರು 1933ರಲ್ಲಿ ಬರೆದ 'ಚೋಮನ ದುಡಿ'ಯನ್ನ ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು. ಎಲ್ಲರೂ ಚೋಮನ ಬಗ್ಗೆ ಮಾತಾಡ್ತಾರೆ. ವಾಸುದೇವರಾವ್ ಅವರ ಅಭಿನಯ ಹಾಗಿದೆ, ಮಾತಾಡಬೇಕಾದ್ದೇ. ನನ್ನ ಕಣ್ಣು ಈ ಸಲ ಮಗಳು ಬೆಳ್ಳಿಯ ಮೇಲೇ ಇತ್ತು. ತಾಯಿ ಇಲ್ಲದ ಗುಡಿಸಲನ್ನ ಅವಳೇ ನೋಡ್ಕೊಳ್ಳಬೇಕು, ತಮ್ಮಂದಿರಿಗೆ ಅವಳೇ ಅವ್ವ. ಅಪ್ಪನ ಸಾಲ ತೀರಿಸೋಕೆ ಕಾಫಿ ತೋಟಕ್ಕೆ ಹೋಗುವವಳೂ ಅವಳೇ, ಅಲ್ಲಿ ಆ ಸಾಲ ತೀರೋದು ಅವಳ ಮೈಯಿಂದ. ಅವಳ ಮತ್ತು ಅಲಮೇಲುವಿನ ವಯಸ್ಸಿನಲ್ಲಿ ದೊಡ್ಡ ಅಂತರ ಏನಿಲ್ಲ. ಅಲಮೇಲುವಿಗೆ ಮದುವೆಯ ತನಕ ಅಂತ ಒಂದೆರಡು ವರ್ಷವಾದರೂ ಇತ್ತು, ಕೋಟೆಯ ಮೇಲೆ ಒಂದು ಹಾಡಿತ್ತು. ಬೆಳ್ಳಿ ಮಗುವಿನಿಂದ ಸೀದಾ ಆಳಾದವಳು.

ಎಂಬತ್ತರ ದಶಕದಲ್ಲಿ ಹರೆಯಕ್ಕೆ ಬಣ್ಣ ಬಂತು. 'ನಾಗರಹಾವು' ನಿರ್ಮಿಸಿದ ಎನ್. ವೀರಾಸ್ವಾಮಿಯವರ ಮಗ ರವಿಚಂದ್ರನ್ 1987ರಲ್ಲಿ 'ಪ್ರೇಮಲೋಕ' ಮಾಡಿದರು. ಹಂಸಲೇಖ ಹಾಡುಗಳು, ಊರೆಲ್ಲ ಕ್ಯಾಸೆಟ್ಟು. ಹಳ್ಳಿಯಿಂದ ಬಂದು ರೂಮು ಮಾಡ್ಕೊಂಡಿದ್ದ ಹುಡುಗರಿಗೆ ಕಾಲೇಜು ಅಂದರೆ ಏನಿರಬೇಕು ಅಂತ ಹೇಳಿಕೊಟ್ಟದ್ದೇ ಆ ಸಿನಿಮಾ. ಅದರಲ್ಲಿ ಬೈಕಿದೆ, ಹುಡುಗಿ ಇದ್ದಾಳೆ, ಹಾಡಿದೆ. ಫೀಸು ಇಲ್ಲ, ಸ್ಕಾಲರ್‌ಶಿಪ್ ಫಾರಂ ಇಲ್ಲ, ಜಾತಿ ಸರ್ಟಿಫಿಕೇಟಿಗೆ ತಾಲೂಕು ಆಫೀಸಿನ ಮುಂದೆ ಕ್ಯೂ ಇಲ್ಲ. ಹೊರಗೆ ಏನಾಗ್ತಿತ್ತು? ರಾಜ್ಯದ ತುಂಬ ಖಾಸಗಿ ವೃತ್ತಿ ಕಾಲೇಜುಗಳು, ಕ್ಯಾಪಿಟೇಶನ್ ತಡೆಯೋಕೆ 1984ರಲ್ಲೇ ಕಾಯಿದೆ, ಆಮೇಲೆ ಸುಪ್ರೀಂ ಕೋರ್ಟಿನ ಮೋಹಿನಿ ಜೈನ್ (1992), ಉನ್ನಿಕೃಷ್ಣನ್ (1993) ತೀರ್ಪುಗಳು, ಫ್ರೀ ಸೀಟು ಪೇಮೆಂಟ್ ಸೀಟು. ಮಿಲ್ಲುಗಳ ಊರಾಗಿದ್ದ ದಾವಣಗೆರೆ ಕಾಲೇಜುಗಳ ಊರಾದದ್ದನ್ನ ನಾವು ಕಣ್ಣಾರೆ ಕಂಡವರು. ಒಂದೇ ಕ್ಲಾಸಿನಲ್ಲಿ ಇಬ್ಬರು ಕೂತಿದ್ದರೆ ಅವರ ನಡುವೆ ಲಕ್ಷಗಟ್ಟಲೆ ರೂಪಾಯಿ ಅಂತರ. ತೆರೆಯ ಮೇಲಿನ ಕಾಲೇಜಿನಲ್ಲಿ ಕ್ಲಾಸೂ ಇರಲಿಲ್ಲ, ಈ ಇನ್ನೊಂದು ಥರದ ಕ್ಲಾಸೂ ಇರಲಿಲ್ಲ. ಹುಡುಗಿಯ ಹಿಂದೆ ಬಿದ್ದು ಕಾಡಿದರೆ ಅದೇ ಪ್ರೀತಿ ಅನ್ನೋ ಪಾಠವೊಂದನ್ನ ಮಾತ್ರ ಆಮೇಲಿನ ಕಾಲೇಜು ಸಿನಿಮಾಗಳು ಇಪ್ಪತ್ತು ವರ್ಷ ಬಿಡದೆ ಕಲಿಸಿದವು.

ಬಡ ಹುಡುಗರು ಬರಲೇ ಇಲ್ಲವಾ? ಬಂದರು. ಆದರೆ ಒಂದು ಷರತ್ತಿನ ಮೇಲೆ. 1985ರ 'ಬೆಟ್ಟದ ಹೂವು' ನೆನಪಿಸ್ಕೊಳ್ಳಿ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ, ಪುಟ್ಟ ಪುನೀತ್‌ಗೆ ರಾಷ್ಟ್ರಪ್ರಶಸ್ತಿ. ಕಾಡಿನ ಹೂವು ಮಾರಿ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕು ಅಂತ ಪೈಸೆ ಪೈಸೆ ಕೂಡಿಡುವ ರಾಮು, ಕೊನೆಗೆ ಮನೆಯವರಿಗೆ ಕಂಬಳಿ ತಗೊಂಡು ಹೋಗ್ತಾನೆ. ನೋಡಿ ಅಳದವರು ಯಾರು? ಈಗ ಪಕ್ಕದಲ್ಲಿ ರಾಮಾಚಾರಿಯನ್ನ ಇಟ್ಟು ನೋಡಿ. ಕಾಪಿ ಹೊಡೆದವನಿಗೆ ಕೋಪ ಮಾಡ್ಕೊಳ್ಳೋ ಹಕ್ಕಿದೆ, ಪುಸ್ತಕ ಕೈತಪ್ಪಿದವನಿಗೆ ಇಲ್ಲ. ರಾಮು ಒಂದು ಕಲ್ಲನ್ನಾದರೂ ಎತ್ತಿ ಎಸೆಯಬಾರದಿತ್ತಾ? ಎಸೆದಿದ್ದರೆ ನಮ್ಮ ಕಣ್ಣೀರು ಅಲ್ಲೇ ನಿಂತುಹೋಗ್ತಿತ್ತು ಅನ್ನೋ ಅನುಮಾನ ನನಗೆ.

'ಕೊಟ್ರೇಶಿ ಕನಸು' (1994) ನಮ್ಮ ನೆರೆಯ ಸಿನಿಮಾ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆ, ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶನ. ಕೊಟ್ರೇಶಿ ಅನ್ನೋ ಹೆಸರು ಕೇಳಿದರೇ ಸಾಕು, ನಮ್ಮ ಕಡೆ ಪ್ರತಿ ಓಣಿಯಲ್ಲಿ ಇಬ್ಬರು ಸಿಗ್ತಾರೆ. ವಿಜಯ ರಾಘವೇಂದ್ರ ಅವರಿಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂದದ್ದು ಈ ಪಾತ್ರಕ್ಕೆ. ದಲಿತ ಹುಡುಗನೊಬ್ಬ ಏಳನೇ ಕ್ಲಾಸಿನಲ್ಲಿ ಚೆನ್ನಾಗಿ ಪಾಸಾಗೋದು ಒಂದು ಇಡೀ ಊರಿಗೆ ಎಂಥ ಸಮಸ್ಯೆ ಆಗಬಲ್ಲದು ಅನ್ನೋದನ್ನ ನಗಿಸ್ತಾ ಚುಚ್ಚುತ್ತೆ. ಅರಸು ಕಾಲದಲ್ಲಿ ಶುರುವಾದದ್ದು ತೆರೆಗೆ ಬರೋಕೆ ಇಪ್ಪತ್ತೆರಡು ವರ್ಷ! ಆದರೂ ನೋಡಿ, ಕೊಟ್ರೇಶಿಗೂ ಜಾಣನಾಗಿರಲೇಬೇಕಾದ ಷರತ್ತು. ಫೇಲಾದ ಕೊಟ್ರೇಶಿಯ ಮೇಲೆ ಯಾರು ಸಿನಿಮಾ ಮಾಡ್ತಾರೆ?

ಇಂಗ್ಲೆಂಡಿನಲ್ಲಿ ಮಾಡಿದ್ದರು. ಕೆನ್ ಲೋಚ್ ಅವರ 'ಕೆಸ್' (1969). ಬಾರ್ನ್ಸ್‌ಲಿ ಅನ್ನೋ ಗಣಿ ಊರು. ಬಿಲ್ಲಿ ಕ್ಯಾಸ್ಪರ್ ಓದಿನಲ್ಲಿ ದಡ್ಡ, ಆಟದಲ್ಲಿ ದಂಡ, ಆಗಾಗ ಕಳ್ಳತನ ಬೇರೆ. ಒಂದು ಡೇಗೆ ಹಕ್ಕಿಯನ್ನ ಸಾಕಿ ಪಳಗಿಸೋದರಲ್ಲಿ ಮಾತ್ರ ಅವನ ಜೀವ. ಆ ಹಕ್ಕಿಯನ್ನೂ ಅಣ್ಣ ಕೊಂದು ಕಸದ ಡಬ್ಬಿಗೆ ಹಾಕ್ತಾನೆ. ಬಿಲ್ಲಿಯದು ಶುದ್ಧ ಯಾರ್ಕ್‌ಷೈರ್ ಆಡುಮಾತು, ಇಂಗ್ಲಿಷರಿಗೇ ಕಿವಿ ಕೊಟ್ಟು ಕೇಳಬೇಕು. ಅವನು ಒಳ್ಳೆಯವನು ಅಂತ ಸಾಬೀತು ಮಾಡೋ ಗೋಜಿಗೆ ಸಿನಿಮಾ ಹೋಗೋದೇ ಇಲ್ಲ. ನಮ್ಮ ಊರಿನ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ದುಡಿದ ಹುಡುಗರು, ಬೆಣ್ಣೆದೋಸೆ ಹೋಟೆಲಿನಲ್ಲಿ ಪ್ಲೇಟು ಎತ್ತಿದ ಹುಡುಗರು ರಾತ್ರಿ ಸೆಕೆಂಡ್ ಶೋಗೆ ಬಂದು ಗಾಂಧಿ ಕ್ಲಾಸಿನಲ್ಲಿ ಕೂತು ರಾಮಾಚಾರಿಗೆ ಶಿಳ್ಳೆ ಹೊಡೆದಿದ್ದಾರೆ. ಬಾಲಕಾರ್ಮಿಕ ಕಾಯಿದೆ ಬಂದದ್ದು 1986ರಲ್ಲಿ, ಪ್ರೇಮಲೋಕದ ಹಿಂದಿನ ವರ್ಷ. ಅವರಲ್ಲೊಬ್ಬನ ಹರೆಯ 'ಕೆಸ್' ರೀತಿಯಲ್ಲಿ ತೆರೆಗೆ ಬಂದದ್ದನ್ನ ನಾನಿನ್ನೂ ನೋಡಬೇಕು.

ಎಸ್. ನಾರಾಯಣ್ ಹತ್ತು ವರ್ಷದ ಅಂತರದಲ್ಲಿ ಮಾಡಿದ ಎರಡು ರೀಮೇಕುಗಳನ್ನ ಒಟ್ಟಿಗೆ ನೋಡಿ. 2007ರ 'ಚೆಲುವಿನ ಚಿತ್ತಾರ' (ತಮಿಳಿನ 'ಕಾದಲ್'), 2017ರ 'ಮನಸು ಮಲ್ಲಿಗೆ' (ಮರಾಠಿಯ 'ಸೈರಾಟ್'). ಮೊದಲನೆಯದರಲ್ಲಿ ಗ್ಯಾರೇಜಿನ ಹುಡುಗ, ಸಿರಿವಂತರ ಮನೆಯ ಶಾಲಾ ಹುಡುಗಿ. ಅಮೂಲ್ಯ ಆಗ ಸ್ವತಃ ಶಾಲೆಗೆ ಹೋಗುವ ವಯಸ್ಸಿನವರು. ಎರಡೂ ಕಡೆ ಕೈ ಕಪ್ಪಾದ ಹುಡುಗ ಮೇಲಿನ ಮನೆಯ ಹುಡುಗಿಯನ್ನ ಪ್ರೀತಿಸಿದ್ದಕ್ಕೆ ದಂಡ ತೆರಬೇಕು, ಒಂದರಲ್ಲಿ ಬುದ್ಧಿ, ಇನ್ನೊಂದರಲ್ಲಿ ಜೀವ. ವರ್ಗ ಅನ್ನೋದು ಕೊನೆಗೂ ಕಮರ್ಷಿಯಲ್ ಸಿನಿಮಾದ ಒಳಗೆ ಬಂತು. ಆದರೆ ಎರಡೂ ಕಥೆ ಪಕ್ಕದ ಭಾಷೆಯಿಂದ ಬಂದವು ಅನ್ನೋದು ನನಗೆ ಸಣ್ಣ ಬೇಜಾರು.

ನಮ್ಮದೇ ಕಥೆಯಾಗಿ ಬಂದದ್ದು ಪೃಥ್ವಿ ಕೋಣನೂರು ಅವರ 'ಹದಿನೇಳೆಂಟು' (2022). ಹೆಸರೇ ವಯಸ್ಸು. ಪಿಯು ಕಾಲೇಜಿನ ಹುಡುಗ ಹುಡುಗಿಯ ಖಾಸಗಿ ವಿಡಿಯೋ ಇಂಟರ್ನೆಟ್ಟಿಗೆ ಬಂದುಬಿಡುತ್ತೆ. ಆಮೇಲೆ ನಡೆಯೋದೆಲ್ಲ ಮೀಟಿಂಗು. ಆಡಳಿತ ಮಂಡಳಿ, ಪ್ರಿನ್ಸಿಪಾಲರು, ಅಪ್ಪ ಅಮ್ಮ, ವಕೀಲರು. ಕಂಬಕ್ಕೆ ಕಟ್ಟೋದಿಲ್ಲ, ಕೂಗಾಟವೂ ಕಡಿಮೆ. ಆದರೆ ಒಂದೊಂದು ಮೀಟಿಂಗಿನಲ್ಲೂ ಯಾರ ಜಾತಿ ಯಾವುದು, ಯಾರ ಮನೆಯಲ್ಲಿ ಎಷ್ಟಿದೆ, ಗಂಡಾದರೆ ಏನು ಹೆಣ್ಣಾದರೆ ಏನು ಅನ್ನೋದು ಮೇಜಿನ ಕೆಳಗೆ ಲೆಕ್ಕ ಆಗ್ತಾ ಇರುತ್ತೆ. ಇಬ್ಬರೂ ಮಾಡಿದ್ದು ಒಂದೇ, ತೆರೋದು ಬೇರೆ ಬೇರೆ. 2012ರ ಪೋಕ್ಸೋ ಕಾಯಿದೆ ಬಂದ ಮೇಲೆ ಹದಿನೇಳು ವರ್ಷದವರ ಪ್ರೀತಿ ಅನ್ನೋದು ಪೊಲೀಸ್ ಸ್ಟೇಷನ್ನಿನ ವಿಷಯವೂ ಆಗಬಹುದು. ಐವತ್ತು ವರ್ಷದ ಹಿಂದೆ ಕಾಲೇಜಿನಿಂದ ಹೊರಬಿದ್ದ ರಾಮಾಚಾರಿಗೆ ಕೋಟೆ ಇತ್ತು, ಮೇಷ್ಟ್ರಿದ್ದರು. ಇಲ್ಲಿನ ಹುಡುಗಿಗೆ ಏನಿದೆ ಅನ್ನೋದನ್ನ ಸಿನಿಮಾದಲ್ಲೇ ನೋಡಿ, ನಾನು ಹೇಳಿ ಕೆಡಿಸಲ್ಲ.

ಕೊನೆಯದಾಗಿ ನನಗೆ ತುಂಬಾ ಖುಷಿ ಕೊಟ್ಟ ಹುಡುಗನೊಬ್ಬನ ಬಗ್ಗೆ. ರಾಮ್ ರೆಡ್ಡಿಯವರ 'ತಿಥಿ' (2015), ಬರವಣಿಗೆಯಲ್ಲಿ ಈರೇಗೌಡರ ಪಾಲೂ ಇದೆ. ಮಂಡ್ಯ ಕಡೆಯ ಹಳ್ಳಿ, ನಟರೆಲ್ಲ ಅಲ್ಲಿನವರೇ, ಮಾತೂ ಅಲ್ಲಿನದೇ. ಮುತ್ತಾತ ಸತ್ತಿದ್ದಾನೆ, ಅಪ್ಪ ಜಮೀನಿಗಾಗಿ ಒದ್ದಾಡ್ತಾ ಇದ್ದಾನೆ, ಹದಿಹರೆಯದ ಅಭಿಗೆ ಅದು ಯಾವುದೂ ಬೇಡ. ಅಪ್ಪ ಹೇಳಿದ ಕೆಲಸ ಮಾಡಲ್ಲ, ಗೆಳೆಯರ ಜೊತೆ ಸುತ್ತುತಾನೆ, ಕುರಿ ಕಾಯೋರ ಹುಡುಗಿ ಕಾವೇರಿ ಹಿಂದೆ ಅಲೀತಾನೆ. ಜಾಣನೂ ಅಲ್ಲ, ತ್ಯಾಗಿಯೂ ಅಲ್ಲ, ಸಿಟ್ಟಿನ ಹೀರೋನೂ ಅಲ್ಲ. ಹಳ್ಳಿಯ ಸಾಮಾನ್ಯ ಮನೆಯ ಹುಡುಗನೊಬ್ಬ ಸುಮ್ಮನೆ ಸೋಮಾರಿಯಾಗಿರೋದನ್ನ ಕನ್ನಡ ಸಿನಿಮಾ ಕ್ಷಮಿಸಿದ್ದನ್ನ ನಾನು ನೋಡಿದ್ದು ಅಲ್ಲೇ ಮೊದಲು.

ಕಾವೇರಿಗೆ ಮಾತ್ರ ಅಷ್ಟು ಹೊತ್ತಿಲ್ಲ. ಅಭಿ ಬೇಕಾದಷ್ಟು ಹೊತ್ತು ಕಾಯಬಹುದು. ಅವಳ ಮುಂದೆ ಕುರಿ ಇವೆ, ಹಿಂಡು ಮುಂದಿನ ಊರಿಗೆ ಹೊರಟರೆ ಅವಳೂ ಹೊರಡಬೇಕು.